ಉತ್ತರೆಯ ಬಲಗೈ

ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಸೀಮೆಯಲ್ಲಿ ‘ಕುರುಕ್ಷೇತ್ರ’ ನಾಟಕ ಆಡಿದರೆ ಗಂಡು ಪಾತ್ರಗಳೆಲ್ಲ ಊರಿನವರದು, ಹೆಣ್ಣು ಪಾತ್ರಗಳು ಹೊರಗಿನವರದು. ಅಡಿಕೆ ತೋಟದವರು ದುರ್ಯೋಧನನಾಗುತ್ತಾರೆ, ಅಂಗಡಿಯವರು ಶಕುನಿಯಾಗುತ್ತಾರೆ. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಕಂದ, ವೃತ್ತಗಳನ್ನು ಗಟ್ಟಿ ಮಾಡುತ್ತಾರೆ. ದ್ರೌಪದಿ, ರುಕ್ಮಿಣಿ, ಉತ್ತರೆಯರು ಮಾತ್ರ ತುಮಕೂರಿನಿಂದಲೋ ಬೆಂಗಳೂರಿನಿಂದಲೋ ನಾಟಕದ ದಿನ ಸಂಜೆ ಬಸ್ಸಿಳಿಯುತ್ತಾರೆ. ಅಲ್ಲಿಯವರೆಗಿನ ತಾಲೀಮಿನಲ್ಲಿ ಅವರ ಮಾತುಗಳನ್ನೆಲ್ಲ ಮೇಷ್ಟ್ರೇ ಹೇಳಿರುತ್ತಾರೆ. ಹಾಗಾಗಿ ಅಭಿಮನ್ಯು ತನ್ನ ಉತ್ತರೆಯನ್ನು ಮೊದಲ ಸಲ ನೋಡುವುದು ಬಣ್ಣ ಹಚ್ಚಿಕೊಳ್ಳುವ ಶಾಲೆಯ ಕೋಣೆಯಲ್ಲಿ. ಅದಾದ ಏಳೆಂಟು ಗಂಟೆಗೆ, ಊರೆಲ್ಲ ಕೂತು ನೋಡುತ್ತಿರುವಾಗ, ಅವಳ ಕೈ ಹಿಡಿದು ಯುದ್ಧಕ್ಕೆ ಅಪ್ಪಣೆ ಕೇಳಬೇಕು.

ಚಿಕ್ಕಂದಿನಲ್ಲಿ ಅಂಥದೊಂದು ಕೋಣೆಯ ಕಿಟಕಿಗೆ ಜೋತುಬಿದ್ದು ಕೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. ಉತ್ತರೆಯ ಪಾತ್ರದ ಹೆಂಗಸಿಗೆ ಆಗಲೇ ನಲವತ್ತರ ಹತ್ತಿರ; ಅಭಿಮನ್ಯು ಮೀಸೆ ಚಿಗುರಿದ ಹುಡುಗ. ಕನ್ನಡಿಯಿಂದ ಮುಖ ತಿರುಗಿಸದೆಯೇ ಆಕೆ ಹೇಳಿದರು: “ನೋಡಪ್ಪ ತಮ್ಮ, ಬಲಗೈ ಹಿಡ್ಕ, ಮಣಿಕಟ್ಟಿನ ಹತ್ರ. ಭುಜದ ಮೇಲೆ ಕೈ ಬ್ಯಾಡ. ಹಾಡು ಮುಗಿದ ಮ್ಯಾಲೆ ನಾನೇ ಒಂದು ಹೆಜ್ಜೆ ಹತ್ರ ಬರ್ತೀನಿ, ನೀನು ಬರಬ್ಯಾಡ. ನಾನು ತಲೆ ತಗ್ಗಿಸಿದಾಗ ಕೈ ಬಿಡು.” ಹುಡುಗ “ಆಯ್ತಕ್ಕ” ಅಂದ. ಇಬ್ಬರೂ ಎದ್ದು ನಿಂತು ಎರಡು ಸಲ ಮಾಡಿ ನೋಡಿದರು. ಮೂರನೆಯ ಸಲ ಬೇಕಾಗಲಿಲ್ಲ.

ನಡುರಾತ್ರಿ ಕಳೆದ ಮೇಲೆ ಆ ದೃಶ್ಯ ಬಂತು. ಹಾಡು ಮುಗಿಯಿತು, ಆಕೆ ಒಂದು ಹೆಜ್ಜೆ ಮುಂದೆ ಬಂದರು, ತಲೆ ತಗ್ಗಿಸಿದರು, ಹುಡುಗ ಕೈ ಬಿಟ್ಟ. ಬಿಟ್ಟ ಕೈ ಗಾಳಿಯಲ್ಲಿ ಹಾಗೇ ನಿಂತಿತು. ಚಾಪೆ ಹಾಸಿಕೊಂಡು ಕೂತಿದ್ದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಪ್ರಣಯದ ದೃಶ್ಯಗಳಿಗೆಂದೇ ಇಂಟಿಮಸಿ ಕೋಆರ್ಡಿನೇಟರ್, ಅಂದರೆ ಆಪ್ತ ದೃಶ್ಯದ ಸಂಯೋಜಕರು, ಎಂಬ ಒಬ್ಬರು ಇರುತ್ತಾರೆಂದು ವರ್ಷಗಳ ಮೇಲೆ ಓದಿದಾಗ ನನಗೆ ನೆನಪಾದದ್ದು ಆ ಮಣಿಕಟ್ಟು. ಆಕೆ ಮಾಡಿದ್ದು ಆ ಕೆಲಸವನ್ನೇ. ಯಾರೂ ಆಕೆಗೆ ಅದನ್ನು ವಹಿಸಿರಲಿಲ್ಲ, ಅದಕ್ಕೆಂದು ಸಂಬಳವೂ ಇರಲಿಲ್ಲ.

ಈ ಹುದ್ದೆ ಟಿವಿ ಸರಣಿಗಳಲ್ಲಿ ಗಟ್ಟಿಯಾಗಿ ಬೇರೂರಿದ್ದು 2018ರಲ್ಲಿ. ಅಮೆರಿಕದ ಎಚ್‌ಬಿಒ ವಾಹಿನಿಯ ‘ದ ಡ್ಯೂಸ್’ ಸರಣಿಯ ನಟಿ ಎಮಿಲಿ ಮೀಡ್, ಇಂಥ ದೃಶ್ಯಗಳಲ್ಲಿ ತನ್ನ ಪರವಾಗಿ ಒಬ್ಬರು ಇರಬೇಕೆಂದು ಕೇಳಿದರು. ವಾಹಿನಿ ಅಲಿಶಿಯಾ ರೋಡಿಸ್ ಅವರನ್ನು ನೇಮಿಸಿತು, ಆಮೇಲೆ ತನ್ನ ಬೇರೆ ಸರಣಿಗಳಿಗೂ ಅದನ್ನೇ ನಿಯಮ ಮಾಡಿತು. ಇಂಗ್ಲೆಂಡಿನಲ್ಲಿ ಇಟಾ ಓಬ್ರಯನ್ ಈ ಕೆಲಸಕ್ಕೆ ಒಂದು ಕ್ರಮವನ್ನೇ ಬರೆದಿಟ್ಟರು. ದೃಶ್ಯದಲ್ಲಿ ಏನಿದೆಯೆಂದು ಎಲ್ಲರೂ ಮುಚ್ಚುಮರೆಯಿಲ್ಲದೆ ಮಾತಾಡಬೇಕು. ಯಾವುದು ಸರಿ, ಯಾವುದು ಬೇಡ ಎಂದು ಕಲಾವಿದರಿಂದ ಒಪ್ಪಿಗೆ ಪಡೆಯಬೇಕು. ಒಪ್ಪಿದ್ದನ್ನು ಕುಣಿತದ ಹೆಜ್ಜೆಯಂತೆ ಕೂಡಿಸಬೇಕು. ದೃಶ್ಯ ಮುಗಿದ ಮೇಲೆ ಇಬ್ಬರೂ ಪಾತ್ರದಿಂದ ಹೊರಗೆ ಬರಲು ಒಂದು ಗಳಿಗೆ ಕೊಡಬೇಕು. ಓಬ್ರಯನ್ ಚಲನೆಯನ್ನು ಕಲಿಸುವ ಹಿನ್ನೆಲೆಯಿಂದ ಬಂದವರು. ಈ ಕ್ರಮದಲ್ಲಿ ವಕೀಲರಿಗಿಂತ ನೃತ್ಯದ ಗುರುವೇ ಹೆಚ್ಚು ಕಾಣುವುದು ಅದಕ್ಕೇ.

ಅವರ ಕೈಚಳಕದ ಫಲ 2020ರ ‘ನಾರ್ಮಲ್ ಪೀಪಲ್’ ಸರಣಿಯಲ್ಲಿ ಕಾಣುತ್ತದೆ. ಶಾಲೆಯ ಕೊನೆಯ ವರ್ಷದಲ್ಲಿರುವ ಕಾನೆಲ್, ಮೇರಿಯಾನ್ ಮೊದಲ ಸಲ ಒಂದಾಗುವ ಸಂದರ್ಭ. ಬೇಡವೆನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದೆಂದು ಹುಡುಗ ಹೇಳುತ್ತಾನೆ. ದೃಶ್ಯದ ಜೀವವಿರುವುದು ಆ ಮಾತಿನಲ್ಲೇ. ಅವಳು ನಂಬಿ ಹತ್ತಿರವಾಗುವುದನ್ನು ನಾವು ಅವಳ ಉಸಿರಿನಲ್ಲಿ ಕಾಣುತ್ತೇವೆ. ಚಿತ್ರೀಕರಣದ ಹಿಂದಿದ್ದ ಶಿಸ್ತು ಇಲ್ಲಿ ಕತೆಯೊಳಕ್ಕೇ ಇಳಿದಿದೆ. ಮುಂದೆ ಮೇರಿಯಾನ್ ಬೇರೆ ಗಂಡಸರ ಕೈಯಲ್ಲಿ ನೋಯುವ ದೃಶ್ಯಗಳು ಬಂದಾಗ, ಆ ಮೊದಲ ಕೇಳುವಿಕೆ ಇಲ್ಲದಿರುವುದೇ ನಮ್ಮನ್ನು ಚುಚ್ಚುತ್ತದೆ. ಹನ್ನೆರಡು ಕಂತುಗಳುದ್ದಕ್ಕೂ ಒಂದೊಂದು ಸ್ಪರ್ಶಕ್ಕೂ ಒಂದೊಂದು ಅರ್ಥ. ಸಂಯೋಜನೆ ಕಲೆಯನ್ನು ಕಟ್ಟಿಹಾಕುತ್ತದೆ ಎನ್ನುವವರು ಇದನ್ನು ಕೂತು ನೋಡಬೇಕು.

ಹಾಗೆನ್ನುವವರಿಗೇನೂ ಕಡಿಮೆಯಿಲ್ಲ. ಇಂಥವರು ಇದ್ದರೆ ಸಹಜತೆ ಕೆಡುತ್ತದೆಂದು ಬ್ರಿಟಿಷ್ ನಟ ಶಾನ್ ಬೀನ್ 2022ರಲ್ಲಿ ಹೇಳಿದ್ದರು. ನಮ್ಮ ನಾಟಕ ನೋಡಿ ಬೆಳೆದವರಿಗೆ ಈ ವಾದ ಹಿಡಿಸುವುದು ಕಷ್ಟ. ಕಂದದ ಒಂದೊಂದು ಎಳೆತವೂ ಮೊದಲೇ ಗೊತ್ತಾಗಿರುತ್ತದೆ, ಹಾರ್ಮೋನಿಯಂನ ಯಾವ ಮನೆಯಲ್ಲಿ ಉಸಿರು ತೆಗೆಯಬೇಕೆಂಬುದೂ ಗೊತ್ತಾಗಿರುತ್ತದೆ. ಆದರೂ ಜನ ‘ಒನ್ಸ್ ಮೋರ್’ ಎನ್ನುತ್ತಾರೆ. ‘ಸಹಜತೆ’ ಎಂಬ ಹೆಸರಿನಲ್ಲಿ ನಡೆದದ್ದೇನೆಂದು 1972ರ ‘ಲಾಸ್ಟ್ ಟ್ಯಾಂಗೋ ಇನ್ ಪ್ಯಾರಿಸ್’ ಚಿತ್ರದಿಂದ ಗೊತ್ತಿದೆ. ಹತ್ತೊಂಬತ್ತರ ನಟಿ ಮಾರಿಯಾ ಶ್ನೈಡರ್‌ಗೆ ಮೊದಲೇ ತಿಳಿಸದೆ ಬಲಾತ್ಕಾರದ ದೃಶ್ಯಕ್ಕೆ ಒಂದು ವಿವರ ಸೇರಿಸಿದ್ದಾಗಿ ನಿರ್ದೇಶಕ ಬೆರ್ಟೊಲುಚ್ಚಿ 2013ರಲ್ಲಿ ಒಪ್ಪಿಕೊಂಡರು. ತನಗೆ ನಟಿಯ ಪ್ರತಿಕ್ರಿಯೆಗಿಂತ ಹುಡುಗಿಯ ಪ್ರತಿಕ್ರಿಯೆ ಬೇಕಿತ್ತು ಎಂಬುದು ಅವರು ಕೊಟ್ಟ ಕಾರಣ. ನಟಿಸಬಲ್ಲವಳಿಂದ ನಟನೆಯನ್ನೇ ಕಿತ್ತುಕೊಂಡ ಮೇಲೆ ಅಲ್ಲಿ ಉಳಿಯುವುದನ್ನು ಕಲೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇನ್ನು ನಮ್ಮ ಧಾರಾವಾಹಿಗಳು. ಹಾಗಲವಾಡಿಯ ಮನೆಗಳಲ್ಲೂ ಸಂಜೆ ದೀಪ ಹಚ್ಚಿದ ಮೇಲೆ ಟಿವಿಯದೇ ಹೊತ್ತು. ಕನ್ನಡ ಧಾರಾವಾಹಿಗಳಲ್ಲಿ ಮುತ್ತಿಲ್ಲ, ಹಾಸಿಗೆಯಿಲ್ಲ. ಹಾಗಾಗಿ ಇಲ್ಲಿ ಸಂಯೋಜಕರಿಗೆ ಕೆಲಸವೇ ಇಲ್ಲವೆಂದು ತೋರುತ್ತದೆ. ಆದರೆ ಒಂದು ವಾರ ಪೆನ್ನು ಹಿಡಿದು ಕೂತರೆ ಬೇರೆಯೇ ಲೆಕ್ಕ ಸಿಗುತ್ತದೆ. ನಾಯಕಿ ಏಣಿಯಿಂದ, ಒದ್ದೆ ನೆಲದಿಂದ, ಸೀರೆಯ ನೆರಿಗೆ ತೊಡರಿ ಬೀಳುತ್ತಾಳೆ. ನಾಯಕ ಸೊಂಟ ಹಿಡಿಯುತ್ತಾನೆ. ಅದೇ ಹಿಡಿತವನ್ನು ನಿಧಾನಗತಿಯಲ್ಲಿ ಮೂರು ಕೋನಗಳಿಂದ ತೋರಿಸುತ್ತಾರೆ. ಬೆನ್ನಿನ ದಾರ ಕಟ್ಟುವುದು, ಸರ ತೊಡಿಸುವುದು, ಕಣ್ಣಿನ ಧೂಳು ಊದುವುದು. ಮುತ್ತಿಲ್ಲ ನಿಜ, ಸ್ಪರ್ಶಕ್ಕೆ ಬರವಿಲ್ಲ.

ಪರದೆಯ ಮೇಲಿನ ಇಪ್ಪತ್ತು ಸೆಕೆಂಡಿನ ಆ ಹಿಡಿತ ಸೆಟ್‌ನಲ್ಲಿ ಎಷ್ಟು ಹೊತ್ತಿನದು? ಲೈಟಿಂಗ್ ಹೊಂದಿಸಲು ಒಮ್ಮೆ ನಿಲ್ಲಬೇಕು, ರಿಹರ್ಸಲ್‌ಗೆ ಒಮ್ಮೆ, ಮಾಸ್ಟರ್ ಶಾಟ್‌ಗೆ, ಅವನ ಕ್ಲೋಸಪ್‌ಗೆ, ಅವಳ ಕ್ಲೋಸಪ್‌ಗೆ, ಸ್ಲೋ ಮೋಷನ್‌ಗೆ. ನಡುವೆ ಸೆರಗು ಸರಿದರೆ ಮತ್ತೆ ಮೊದಲಿನಿಂದ. ಸುತ್ತಲೂ ಲೈಟ್‌ಬಾಯ್‌ಗಳಿಂದ ಹಿಡಿದು ಮೇಕಪ್‌ನವರವರೆಗೆ ಹತ್ತಾರು ಜನ. ವಾರಕ್ಕೆ ಐದಾರು ಕಂತು ಪ್ರಸಾರವಾಗಬೇಕಾದ ಕಡೆ ಹೆಚ್ಚುಕಮ್ಮಿ ದಿನಕ್ಕೊಂದು ಕಂತು ಚಿತ್ರೀಕರಣವಾಗಬೇಕು. ಸೀನ್ ಪೇಪರ್ ಅವತ್ತೇ ಕೈಗೆ ಬರುವುದುಂಟು, ಮಾತನ್ನು ಮರೆಯಿಂದ ಪ್ರಾಂಪ್ಟ್ ಮಾಡುವುದುಂಟು. ಇಷ್ಟು ಅವಸರದಲ್ಲಿ ಕೈ ಎಲ್ಲಿಡಬೇಕೆಂದು ಯಾರು ಕೂತು ಮಾತಾಡುತ್ತಾರೆ? ನಮ್ಮ ಪ್ರಣಯ ದೃಶ್ಯಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುವುದಕ್ಕೂ ಇದೇ ಕಾರಣವೆಂದು ನನಗನಿಸುತ್ತದೆ. ಈ ದಂಪತಿಗೆ ಯಾವ ಸ್ಪರ್ಶ ಒಪ್ಪುತ್ತದೆಂದು ಕೇಳಲು ಪುರುಸೊತ್ತಿಲ್ಲದಾಗ ಎಲ್ಲರಿಗೂ ಗೊತ್ತಿರುವ ಬೀಳು–ಹಿಡಿಯೇ ಗತಿ.

ಇದಕ್ಕಿಂತ ನನ್ನನ್ನು ಕಲಕುವುದು ಬಲವಂತದ ತಾಳಿ. ಅವಳು ಬೇಡವೆನ್ನುತ್ತಿರುವಾಗಲೇ ಅವನು ಕಟ್ಟುತ್ತಾನೆ, ಸಿಡಿಲಿನ ಸದ್ದು ಮೂರು ಸಲ ಬರುತ್ತದೆ, ನೂರು ಕಂತು ಕಳೆದ ಮೇಲೆ ಅದೇ ಪ್ರೇಮವಾಗುತ್ತದೆ. ಕುತ್ತಿಗೆಗೆ ಬಲಾತ್ಕಾರದಿಂದ ಬಂದ ಕೈಯನ್ನು ಮಂಗಳವಾದ್ಯದಿಂದ ಮುಚ್ಚಲಾಗದು. ಮುತ್ತಿಗೆ ಕತ್ತರಿ ಹಾಕುವ ನಮ್ಮ ಸಭ್ಯತೆ ಇದನ್ನು ಮಕ್ಕಳ ಜೊತೆ ಕೂತು ನೋಡುವ ದೃಶ್ಯವೆಂದು ಬಗೆದಿದೆ.

ಬೇರೆ ದಾರಿ ನಮಗೆ ಗೊತ್ತಿಲ್ಲವೆಂದಲ್ಲ. ‘ಕನ್ನಡತಿ’ಯ ಭುವನೇಶ್ವರಿ, ಹರ್ಷರ ಪ್ರೀತಿ ಬೆಳೆದದ್ದು ಬಹುಪಾಲು ಮಾತಿನಲ್ಲಿ. ಆಕೆ ಕನ್ನಡದ ಮೇಡಂ. ಒಂದು ಪದ ತಿದ್ದುವಾಗಿನ ನಗು ಹತ್ತು ಸೊಂಟದ ಹಿಡಿತಕ್ಕೆ ಸಮ. ರಂಜನಿ ರಾಘವನ್, ಕಿರಣ್ ರಾಜ್ ಇಬ್ಬರೂ ನಡುವಿನ ಅಂತರವನ್ನೇ ಆಡಿ ತೋರಿಸಿದರು. 2023ರಲ್ಲಿ ಆರಂಭವಾದ ‘ಅಮೃತಧಾರೆ’ಯಲ್ಲಿ ವಯಸ್ಸು ಮೀರಿ ಮದುವೆಯಾದ ಗೌತಮ್, ಭೂಮಿಕಾ ಒಂದೇ ಕೋಣೆಗೆ ಒಗ್ಗಿಕೊಳ್ಳುವ ಮುಜುಗರವಿದೆ. ರಾಜೇಶ್ ನಟರಂಗ ಆ ಮುಜುಗರವನ್ನು ಹೆಗಲಿನಲ್ಲಿ, ತಡವರಿಸುವ ಕೈಯಲ್ಲಿ ಇಟ್ಟುಕೊಂಡು ಆಡುತ್ತಾರೆ. ಛಾಯಾ ಸಿಂಗ್ ಅದಕ್ಕೆ ಕಾದು ನಿಲ್ಲುತ್ತಾರೆ. ಆಪ್ತ ದೃಶ್ಯವೆಂದರೆ ಇದೇ. ಕೊರತೆಯೆಂದರೆ, ಇದು ಕಲಾವಿದರ ಸ್ವಂತ ಬುದ್ಧಿಯ ಮೇಲೆ ನಿಂತಿದೆ. ಸೆಟ್‌ನಲ್ಲಿ ಇದಕ್ಕೆಂದೇ ಒಬ್ಬರಿಲ್ಲ.

ಗುಬ್ಬಿಯ ನೆಲದಲ್ಲಿ ನಿಂತು ಈ ಮಾತಾಡುವಾಗ ಗುಬ್ಬಿ ಕಂಪನಿಯನ್ನು ಬಿಟ್ಟು ಮುಂದೆ ಹೋಗಲಾಗದು. 1884ರಲ್ಲಿ ಇಲ್ಲೇ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘ, ಗಂಡಸರೇ ಸೀರೆಯುಟ್ಟು ನಾಯಕಿಯಾಗುತ್ತಿದ್ದ ಕಾಲವನ್ನೂ ಕಂಡಿತು, ಹೆಣ್ಣುಮಕ್ಕಳು ರಂಗಕ್ಕೆ ಬಂದ ಕಾಲವನ್ನೂ ಕಂಡಿತು. ಕಂಪನಿಯ ಗುಬ್ಬಿ ವೀರಣ್ಣನವರು, ಬಿ. ಜಯಮ್ಮನವರು ಗಂಡಹೆಂಡಿರೂ ಹೌದು, ಸಹನಟರೂ ಹೌದು. ಪ್ರಣಯದ ಜೋಡಿ ಮನೆಯಲ್ಲೂ ಜೋಡಿಯಾಗಿದ್ದರೆ ಊರಿನ ಬಾಯಿ ಮುಚ್ಚುತ್ತಿತ್ತು. ‘ಸದಾರಮೆ’ ನಾಟಕದ ಕಳ್ಳ ವೀರಣ್ಣನವರಿಗೆ ಹೆಸರು ತಂದ ಪಾತ್ರ. ಹೆಣ್ಣನ್ನು ಹೊತ್ತೊಯ್ದವನೊಬ್ಬ ಅವಳನ್ನು ಒಲಿಸಿಕೊಳ್ಳಲು ಹೊರಡುವುದು ಬರೆದಿಟ್ಟರೆ ಭಯದ ಸಂಗತಿ. ರಂಗದ ಮೇಲೆ ಅದು ಹಾಸ್ಯ, ಹಾಡು, ಅಂತರಗಳಲ್ಲಿ ಕರಗುತ್ತಿತ್ತು. ಅದೇ ಕಳ್ಳನನ್ನು ಮುಂದೆ ಅವರ ಮೊಮ್ಮಗಳು ಬಿ. ಜಯಶ್ರೀ ಆಡಿದರು. ಹೆಣ್ಣೊಬ್ಬಳು ಕಳ್ಳನಾದ ಕೂಡಲೇ ಆ ದೃಶ್ಯದ ಬೆದರಿಕೆಯೇ ಬೇರೆ ಬಗೆಯ ನಗುವಾಗುತ್ತದೆ. ಯಾರ ದೇಹ ಯಾರ ಮುಂದೆ ನಿಂತಿದೆ ಎಂಬುದು ಅರ್ಥವನ್ನೇ ಬದಲಿಸುತ್ತದೆ ಎನ್ನಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ಹಾಗೆಂದು ಹಳೆಯ ಶಿಸ್ತನ್ನು ಹೊತ್ತು ಮೆರೆಸುವಂತಿಲ್ಲ. ಕಂಪನಿ ನಾಟಕದ ಅಂತರ, ಮೇಷ್ಟ್ರ ಕಟ್ಟುನಿಟ್ಟು ಎಲ್ಲ ಇದ್ದದ್ದು ನೋಡುವವರ ಮರ್ಯಾದೆಗಾಗಿ, ಮಂಡಳಿಯ ಹೆಸರಿಗಾಗಿ. ನಟಿಯನ್ನು ಕರೆದು “ನಿಮಗೆ ಹೇಗೆ?” ಎಂದು ಕೇಳುವುದು ಆ ಕ್ರಮದೊಳಗೆ ಇರಲಿಲ್ಲ. ಹೊಸ ಪದ್ಧತಿಯ ನಿಜವಾದ ಹೊಸತು ಆ ಪ್ರಶ್ನೆ ಒಂದೇ.

ಅದು ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಪಕ್ಕದ ಕೇರಳದ ಚಿತ್ರರಂಗದಲ್ಲಿ ಹೆಣ್ಣುಮಕ್ಕಳ ಸ್ಥಿತಿ ಕುರಿತ ಹೇಮಾ ಸಮಿತಿ ವರದಿಯಿದೆ. 2019ರ ಕೊನೆಯಲ್ಲಿ ಸರ್ಕಾರದ ಕೈಸೇರಿ, 2024ರ ಆಗಸ್ಟ್ 19ರಂದು ಹೊರಬಂದ ಆ ವರದಿಯಲ್ಲಿ ಒಬ್ಬ ನಟಿಯ ಸಂಗತಿ ಬರುತ್ತದೆ. ತನಗೆ ಕಿರುಕುಳ ಕೊಟ್ಟವನ ಹೆಂಡತಿಯಾಗಿ ನಟಿಸಿ ಅವನನ್ನು ಅಪ್ಪಿಕೊಳ್ಳಬೇಕಾಗಿ ಬಂದು, ಮುಖದ ಮೇಲಿನ ಸಂಕಟ ಮರೆಯಾಗದೆ 17 ರೀಟೇಕ್ ಆದವು. ಆ ಹದಿನೇಳನ್ನು ನಾನು ಮತ್ತೆ ಮತ್ತೆ ಎಣಿಸಿದ್ದೇನೆ. ವರದಿ ಹೊರಬಂದ ಬೆನ್ನಿಗೇ ಕನ್ನಡದಲ್ಲೂ ‘ಫೈರ್’ ಸಂಘಟನೆಯ ಕಲಾವಿದರು ಇಂಥದೇ ಸಮಿತಿ ಬೇಕೆಂದು ಮುಖ್ಯಮಂತ್ರಿಗೆ ಮನವಿ ಕೊಟ್ಟರು. ಅದಕ್ಕೂ ಮುಂಚೆ, 2018ರಲ್ಲಿ, ಪ್ರಣಯ ದೃಶ್ಯದ ರಿಹರ್ಸಲ್‌ನಲ್ಲಿ ಮೊದಲೇ ಹೇಳದೆ ತಬ್ಬಿಕೊಂಡರೆಂದು ಕನ್ನಡದ ನಟಿಯೊಬ್ಬರು ದೂರಿದ್ದರು. ನಟ ಅದನ್ನು ನಿರಾಕರಿಸಿದರು. ಪೊಲೀಸರು ಸಾಕ್ಷ್ಯ ಸಾಲದೆಂದು ಬಿ ರಿಪೋರ್ಟ್ ಹಾಕಿದರು. ಆ ಪ್ರಕರಣದಲ್ಲಿ ಯಾರು ಸರಿಯೆಂದು ಹೇಳುವುದು ನನ್ನ ಕೆಲಸವಲ್ಲ. ಇಂಥ ದೃಶ್ಯದಲ್ಲಿ ಏನು ನಡೆಯಬೇಕೆಂದು ಮೊದಲೇ ಮಾತಾಗಿ, ಒಂದು ಹಾಳೆಯ ಮೇಲೆ ಬರೆದು, ಮೂರನೆಯವರೊಬ್ಬರು ನಿಂತು ನೋಡುವ ರೂಢಿಯಿದ್ದರೆ ಇಬ್ಬರ ಮಾನಕ್ಕೂ ಅದು ಕಾವಲಾಗುತ್ತದೆ.

ಹಿಂದಿಯಲ್ಲಿ ಈ ರೂಢಿ ಶುರುವಾಗಿದೆ. ತರಬೇತಿ ಪಡೆದು ಬಂದ ಆಸ್ಥಾ ಖನ್ನಾ ಅಲ್ಲಿ ಈ ವೃತ್ತಿಗೆ ದಾರಿ ಮಾಡಿದರು. 2022ರ ‘ಗೆಹರಾಯಿಯಾಂ’ ಚಿತ್ರದಲ್ಲಿ ಉಕ್ರೇನ್ ಮೂಲದ ದಾರ್ ಗಾಯ್ ಅವರ ಹೆಸರು ಇದೇ ಕೆಲಸಕ್ಕಾಗಿ ಬಂತು. ಚಿತ್ರದ ಸ್ಪರ್ಶಗಳಲ್ಲಿ ಆತಂಕವಿಲ್ಲ, ದೇಹಗಳು ಒಂದನ್ನೊಂದು ನಂಬಿವೆ. ಆದರೆ ಕತೆ ಅಷ್ಟು ಆಳಕ್ಕೆ ಇಳಿಯದೆ ಆ ನಾಜೂಕು ಮೇಲೆಯೇ ತೇಲಿತು. ಸಂಯೋಜನೆ ಒಳ್ಳೆಯ ಬರವಣಿಗೆಯ ಜಾಗ ತುಂಬುವುದಿಲ್ಲ. ಕನ್ನಡಕ್ಕೆ ಅದು ಬಂದಾಗ ಮೊದಲು ಬದಲಾಗಬೇಕಾದದ್ದು ಸೀನ್ ಪೇಪರ್ ಬರುವ ಹೊತ್ತು. ದೃಶ್ಯದಲ್ಲಿ ಸ್ಪರ್ಶವಿದ್ದರೆ ಹಿಂದಿನ ದಿನವೇ ಕಲಾವಿದರ ಕೈಗೆ ಬರಲಿ. ನಿರ್ದೇಶಕರ ಪಕ್ಕದಲ್ಲಿ ಈ ಕೆಲಸಕ್ಕೇ ಒಬ್ಬರಿರಲಿ, ಅವರಿಗೆ ಸಂಬಳವಿರಲಿ, ‘ಕಟ್’ ಹೇಳಿಸುವ ಅಧಿಕಾರವೂ ಇರಲಿ. ಹಬ್ಬದ ಕಂತಿಗೆ ಡ್ಯಾನ್ಸ್ ಮಾಸ್ಟರ್‌ಗೆ ದುಡ್ಡು ಹೊಂದುತ್ತದೆ, ಹೊಡೆದಾಟಕ್ಕೆ ಫೈಟ್ ಮಾಸ್ಟರ್‌ಗೂ ಹೊಂದುತ್ತದೆ. ಸೊಂಟ ಹಿಡಿಯುವ ದೃಶ್ಯಕ್ಕೆ ಮಾತ್ರ ಹೊಂದುವುದಿಲ್ಲ ಎಂಬುದನ್ನು ನಾನು ನಂಬಲಾರೆ.

ಅವತ್ತು ನಾಟಕ ಮುಗಿಯುವ ಹೊತ್ತಿಗೆ ಬೆಳಗಾಗಿತ್ತು. ಉತ್ತರೆ ಬಣ್ಣ ತೊಳೆದು, ಮಾಮೂಲಿ ಸೀರೆಯುಟ್ಟು, ಬ್ಯಾಗು ಹಿಡಿದು ಗುಬ್ಬಿ ಕಡೆಯ ಬಸ್ಸಿಗೆ ಕಾಯುತ್ತಿದ್ದರು. ಕಿವಿಯ ಹಿಂದೆ ಬಣ್ಣ ಇನ್ನೂ ಉಳಿದಿದ್ದ ಅಭಿಮನ್ಯು ಒಂದು ಲೋಟ ಟೀ ತಂದು, ಎರಡು ಮಾರು ದೂರದಲ್ಲೇ ನಿಂತು ಕೈ ಚಾಚಿದ. ಆಕೆ ಹತ್ತಿರ ಬಂದು ಲೋಟ ತೆಗೆದುಕೊಂಡು, “ಚೆನ್ನಾಗಿ ಬಿಟ್ಟೆ ಕಣಪ್ಪ, ಕೈನ” ಅಂದರು.