‘ಕಸಿ’ ಎಂಬ ಪದ ಹೇಳದೆ ಬಿಡುವ ಮಾತು

ಮೂತ್ರಪಿಂಡದ ಕಸಿಯನ್ನು ವಿವರಿಸುವಾಗ ನಾವು ಸಾಮಾನ್ಯವಾಗಿ ಗಿಡದ ಕಸಿಯ ಉದಾಹರಣೆ ಕೊಡುತ್ತೇವೆ. ಹಿಪ್ಪಲಿಯ ಬುಡಕ್ಕೆ ಕಾಳುಮೆಣಸಿನ ಕುಡಿ ಕಟ್ಟಿದ್ದನ್ನು ಕಂಡಿರುವ ಬೆಳ್ತಂಗಡಿಯ ವಿದ್ಯಾರ್ಥಿಗೆ ಇದು ಬೇಗ ಅರ್ಥವಾಗುತ್ತದೆ. ಆದರೆ ಈ ಹೋಲಿಕೆ ಒಂದು ತಪ್ಪು ತೀರ್ಮಾನಕ್ಕೂ ದಾರಿ ಮಾಡುತ್ತದೆ: ಕಸಿ ಒಮ್ಮೆ ಹಿಡಿದರೆ ಕೆಲಸ ಮುಗಿಯಿತು.

ಗಿಡಗಳಲ್ಲೂ ಹೊಂದಾಣಿಕೆಗೆ ಮಿತಿಗಳಿವೆ. ಆದರೆ ದೇಹವಿಡೀ ಸಂಚರಿಸುತ್ತ ತನ್ನದು ಯಾವುದು, ಪರರದು ಯಾವುದು ಎಂದು ಪರೀಕ್ಷಿಸುವ ಲಿಂಫೋಸೈಟುಗಳು ಅವುಗಳಲ್ಲಿಲ್ಲ, ನಮ್ಮಲ್ಲಿವೆ. ದಾನಿಯ ಜೀವಕೋಶಗಳ ಮೇಲ್ಮೈಯಲ್ಲಿರುವ ಎಚ್‌ಎಲ್‌ಎ ಪ್ರೋಟೀನುಗಳು ಬೇರೆ ಬಗೆಯವೆಂದು ಗುರುತಿಸಿದ ಟಿ ಕೋಶಗಳು ವೃದ್ಧಿಯಾಗುತ್ತವೆ. ಕೆಲವು ಮೂತ್ರಪಿಂಡದ ಕೋಶಗಳನ್ನು ನೇರವಾಗಿ ಕೊಲ್ಲುತ್ತವೆ. ಕೆಲವು ಬಿ ಕೋಶಗಳಿಗೆ ನೆರವಾಗುತ್ತವೆ. ಅವುಗಳಿಂದ ಹುಟ್ಟುವ ಪ್ರತಿಕಾಯಗಳು ಸೂಕ್ಷ್ಮ ರಕ್ತನಾಳಗಳ ಒಳಪದರವನ್ನು ವರ್ಷಗಟ್ಟಲೆ ಸದ್ದಿಲ್ಲದೆ ಕೆಡಿಸಬಲ್ಲವು.

1954ರಲ್ಲಿ ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಮತ್ತು ಸಂಗಡಿಗರು ಮಾಡಿದ ಕಸಿ ಯಶಸ್ವಿಯಾಯಿತು. ದಾನಿ ಮತ್ತು ರೋಗಿ ತದ್ರೂಪಿ ಅವಳಿಗಳಾಗಿದ್ದರು. ಉಳಿದವರಿಗೆ ದಾರಿ ತೆರೆದದ್ದು ಅಜಥಯೋಪ್ರಿನ್, ಸೈಕ್ಲೊಸ್ಪೊರಿನ್, ಟ್ಯಾಕ್ರೊಲಿಮಸ್ ಮುಂತಾದ ಔಷಧಿಗಳು. ಇವು ಟಿ ಕೋಶಗಳನ್ನು ಹತ್ತಿಕ್ಕುತ್ತವೆಯೇ ಹೊರತು ಹೊಸ ಅಂಗವನ್ನು ಒಪ್ಪುವಂತೆ ಮಾಡುವುದಿಲ್ಲ. ಹತ್ತಿಕ್ಕುವುದು ಅತಿಯಾದರೆ ಸೋಂಕಿನ ಭಯ. ‘ಮೂತ್ರಪಿಂಡ ಒಗ್ಗಿತಲ್ಲ’ ಎಂದು ರೋಗಿ ಮಾತ್ರೆ ನಿಲ್ಲಿಸಿದರೆ, ಮನೆಯವರು ಕೊಟ್ಟ ಅಥವಾ ರಾಜ್ಯದ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಬರೆಸಿ ಕಾದು ಪಡೆದ ಅಂಗ ನಷ್ಟವಾಗಬಹುದು. ಪದವೊಂದರ ಬಗ್ಗೆ ಇಷ್ಟು ಚರ್ಚೆ ಬೇಕಾದದ್ದು ಇದಕ್ಕೇ.

ಬಿಳಿರಕ್ತಕಣಗಳೆಲ್ಲ ‘ಸೈನಿಕರು’ ಎಂಬ ವಿವರಣೆಯೂ ಅಪೂರ್ಣ. ಉಳಿದ ಕೋಶಗಳ ದಾಳಿಯನ್ನು ತಡೆಯುವ ನಿಯಂತ್ರಕ ಟಿ ಕೋಶಗಳೂ ಇವೆ. ಇವನ್ನು 1995ರಲ್ಲಿ ಗುರುತಿಸಿದ ಶಿಮೊನ್ ಸಕಾಗುಚಿ 2025ರ ನೊಬೆಲ್ ಪಾರಿತೋಷಕವನ್ನು ಮೇರಿ ಬ್ರುಂಕೊವ್ ಮತ್ತು ಫ್ರೆಡ್ ರ‍್ಯಾಮ್ಸ್‌ಡೆಲ್ ಅವರೊಡನೆ ಹಂಚಿಕೊಂಡರು. ಕಸಿ ಮಾಡಿಸಿಕೊಂಡವರಿಗೆ ಇಂಥ ಕೋಶಗಳನ್ನೇ ಕೊಟ್ಟು ಔಷಧಿಯನ್ನು ಕಡಿಮೆ ಮಾಡಬಹುದೇ ಎಂಬ ಪ್ರಯೋಗಗಳು ನಡೆದಿವೆ.

‘ಕಸಿ’ ಪದವನ್ನು ಕೈಬಿಡಬೇಕೆಂದು ನನ್ನ ವಾದವಲ್ಲ. ಭೌತವಿಜ್ಞಾನದಲ್ಲಿ ವಿದ್ಯುತ್ಪ್ರವಾಹವನ್ನು ನೀರಿನ ಹರಿವಿಗೆ ಹೋಲಿಸುತ್ತೇವೆ. ಕೊಳವೆ ಒಡೆದರೆ ನೀರು ಸೋರುತ್ತದೆ, ತಂತಿ ತುಂಡಾದರೆ ಪ್ರವಾಹವೇ ನಿಲ್ಲುತ್ತದೆ ಎಂಬುದನ್ನೂ ಹೇಳಬೇಕಾಗುತ್ತದೆ. ಇಲ್ಲಿಯೂ ಹಾಗೆಯೇ. ಹಿಪ್ಪಲಿಗೆ ಕಟ್ಟಿದ ಮೆಣಸು ಒಮ್ಮೆ ಕೂಡಿಕೊಂಡ ಮೇಲೆ ಆ ಬೆಸುಗೆಗಾಗಿ ದಿನವೂ ಔಷಧಿ ಬೇಡ. ಮೂತ್ರಪಿಂಡಕ್ಕೆ ಏಕೆ ಬೇಕು? ನಿಮ್ಮ ಮುಂದಿನ ಪಾಠವನ್ನು ಈ ಪ್ರಶ್ನೆಯಿಂದ ಆರಂಭಿಸಿ ನೋಡಿ.