ತಣ್ಣಗೆ ರುಬ್ಬುವ ಉಡುಗೊರೆ

ದೀಪಾವಳಿಗೆ ಇಡ್ಲಿ-ದೋಸೆ ಪ್ರಿಯರ ಮನೆಗೆ ಏನು ಕೊಡಲಿ ಎಂದು ಕೇಳಿದರೆ ನನ್ನ ಓಟು ವೆಟ್ ಗ್ರೈಂಡರಿಗೆ. ಮಿಕ್ಸಿಯ ಬ್ಲೇಡು ಉದ್ದಿನಬೇಳೆಯನ್ನು ಕತ್ತರಿಸುತ್ತದೆ, ಜೊತೆಗೆ ಬಿಸಿಯೂ ಮಾಡುತ್ತದೆ. ಗ್ರೈಂಡರಿನ ಕಲ್ಲಿಗೆ ಅವಸರವಿಲ್ಲ. ಅದು ರುಬ್ಬಿದ ಹಿಟ್ಟು ತಣ್ಣಗಿದ್ದು, ಗಾಳಿ ತುಂಬಿಕೊಂಡು ಹತ್ತಿಯಂತೆ ಉಬ್ಬುತ್ತದೆ. ಒಂದು ತೊಟ್ಟು ಉದ್ದಿನಹಿಟ್ಟು ನೀರಿಗೆ ಬಿಟ್ಟರೆ ತೇಲಬೇಕು. ಇಡ್ಲಿಯ ಹಣೆಬರಹ ಅಲ್ಲೇ ತೀರ್ಮಾನ!

ಈ ಯಂತ್ರದ ತವರು ಕೊಯಮತ್ತೂರು. ಅಲ್ಲಿನ ಗ್ರೈಂಡರಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ನಾಲ್ಕು ಜನರ ಮನೆಗೆ 2 ಲೀಟರಿನದು ಸಾಕು. ಬಣ್ಣಕ್ಕೆ ಮರುಳಾಗಬೇಡಿ (ಅಂಗಡಿಯವರು ಮೊದಲು ತೋರಿಸುವುದು ಅದನ್ನೇ). ಕಲ್ಲು ಸಲೀಸಾಗಿ ಬಿಚ್ಚಿ ತೊಳೆಯಲು ಬರುತ್ತದೆಯೇ, ಪಾತ್ರೆ ಎತ್ತುವವರ ಕೈಗೆ ತೀರಾ ಭಾರವೇ, ನೋಡಿಕೊಳ್ಳಿ. ಹಾಂ, ಚಟ್ನಿಪುಡಿಗೆ ಮಿಕ್ಸಿಯೇ ಬೇಕು. ಹಳೆಯದನ್ನು ಗುಜರಿಗೆ ಹಾಕಿಸಬೇಡಿ.