ನಗು ಜಾರಿದ ಮೇಲೆ: ‘ಆರ್ಡಿನರಿ ಪೀಪಲ್’ ಚಿತ್ರದ ಪಾತ್ರವರ್ಗ ಮತ್ತು ಒಬ್ಬ ಹುಡುಗನ ಚೇತರಿಕೆ



ನಾನು ಮಾತಾಡಲಿಕ್ಕೆ ಹೊರಟಿರುವುದು ‘ಆರ್ಡಿನರಿ ಪೀಪಲ್’ ಎಂಬ ಅಮೆರಿಕನ್ ಚಿತ್ರದ ಪಾತ್ರಧಾರಿಗಳ ಬಗ್ಗೆ. 1980ರಲ್ಲಿ ಬಂದ ಚಿತ್ರ. ನಟನಾಗಿ ಹೆಸರಾಗಿದ್ದ ರಾಬರ್ಟ್ ರೆಡ್‌ಫೋರ್ಡ್ ನಿರ್ದೇಶನಕ್ಕೆ ಇಳಿದದ್ದು ಇದರಿಂದಲೇ. ಜುಡಿತ್ ಗೆಸ್ಟ್ 1976ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಆಲ್ವಿನ್ ಸಾರ್ಜೆಂಟ್ ಚಿತ್ರಕಥೆಯಾಗಿ ಬರೆದರು. ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳ್ತೇನೆ. ಷಿಕಾಗೊ ಹತ್ತಿರ ಲೇಕ್ ಫಾರೆಸ್ಟ್ ಅಂತ ಸಿರಿವಂತರ ಊರು. ಅಲ್ಲಿ ಜ್ಯಾರೆಟ್ ಕುಟುಂಬ. ಅಣ್ಣ ತಮ್ಮ ಇಬ್ಬರೂ ದೋಣಿಯಲ್ಲಿದ್ದಾಗ ಬಿರುಗಾಳಿ ಬಂದು ಅಣ್ಣ ಬಕ್ ಮುಳುಗಿಹೋಗ್ತಾನೆ, ತಮ್ಮ ಕಾನ್ರಾಡ್ ಉಳೀತಾನೆ. ಉಳಿದದ್ದೇ ಅವನಿಗೆ ಭಾರ. ಜೀವ ಕಳೆದುಕೊಳ್ಳಲು ಪ್ರಯತ್ನಿಸಿ, ನಾಲ್ಕು ತಿಂಗಳು ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದಾನೆ. ಚಿತ್ರ ಶುರುವಾಗುವುದು ಅಲ್ಲಿಂದ ಮುಂದೆ. ಅಂದರೆ ಇದು ಕಾಯಿಲೆಯ ಕಥೆಯಲ್ಲ, ಕಾಯಿಲೆ ಆದ ಮೇಲಿನ ಕಥೆ.

ಇಂಥ ಕಥೆಗಳನ್ನು ನೋಡುವಾಗ ನಾವು ಹುಡುಗನ ಮುಖ ನೋಡ್ತಾ ಕೂತಿರ್ತೇವೆ. ಮೊದಲು ಬಾಡಿದ ಮುಖ, ಕೊನೆಗೆ ಅರಳಿದ ಮುಖ. ನಕ್ಕನೋ, ಗುಣವಾದ ಅಂತ ಲೆಕ್ಕ. ನನ್ನ ವಾದ ಇದರ ವಿರುದ್ಧ ದಿಕ್ಕಿನದು. ಈ ಚಿತ್ರದಲ್ಲಿ ನಗು ಆರೋಗ್ಯದ ಗುರುತಲ್ಲ, ಕಾಯಿಲೆಯ ಲಕ್ಷಣ. ಯಾರ ಎದುರು ನಗದೆ ಕೂರಬಹುದೋ ಅಂಥ ಒಬ್ಬ ಮನುಷ್ಯ ಸಿಕ್ಕಲ್ಲಿ ಚೇತರಿಕೆ ಶುರುವಾಗುತ್ತದೆ. ಇದನ್ನು ಸಂಭಾಷಣೆಗಿಂತ ಮೊದಲೇ ಪಾತ್ರಗಳಿಗೆ ಆರಿಸಿದ ಮುಖಗಳು ಹೇಳಿಬಿಡುತ್ತವೆ.

‘ಗುಣ’ದ ಎರಡು ಅರ್ಥ

ನಮ್ಮ ಭಾಷೆಯ ಒಂದು ಪದದಿಂದ ಚಿತ್ರದೊಳಗೆ ಹೋಗಬಹುದು ಅನಿಸುತ್ತದೆ. ಜ್ವರ ಬಿಟ್ಟವನನ್ನು ‘ಗುಣ ಆಯ್ತಾ?’ ಅಂತ ಕೇಳ್ತೇವೆ. ಹುಡುಗಿ ನೋಡಲು ಹೋದಾಗ ‘ಗುಣ ಹೇಗೆ?’ ಅಂತ ವಿಚಾರಿಸ್ತೇವೆ. ಆರೋಗ್ಯಕ್ಕೂ ನಡತೆಗೂ ಒಂದೇ ಪದ. ಕಾನ್ರಾಡನ ತಾಯಿ ಬೆತ್ ಮಗ ಗುಣವಾಗಬೇಕು ಅಂತ ಬಯಸುವಾಗ ಅವಳಿಗೆ ಬೇಕಾದದ್ದು ಈ ಎರಡನೆಯ ಗುಣ: ನೆಂಟರ ಎದುರು ಸರಿಯಾಗಿ ಕೂರಬೇಕು, ಈಜಿನ ತಂಡ ಬಿಡಬಾರದು, ಡಾಕ್ಟರರ ವಿಷಯ ಪಾರ್ಟಿಯಲ್ಲಿ ಎತ್ತಬಾರದು. ‘ಚೇತರಿಕೆ’ ಬೇರೆ ಮಾತು. ಅದಕ್ಕೆ ನೆಂಟರ ಸರ್ಟಿಫಿಕೇಟು ಬೇಡ. ಚಿತ್ರದ ಜಗಳವೆಲ್ಲ ಈ ಎರಡು ಪದಗಳ ನಡುವಿನದ್ದು.

ದೇಶ ಬಲ್ಲ ನಗು: ಮೇರಿ ಟೈಲರ್ ಮೂರ್

ಬೆತ್ ಪಾತ್ರ ಮಾಡಿದವರು ಮೇರಿ ಟೈಲರ್ ಮೂರ್. 1961ರಿಂದ 66ರವರೆಗೆ ‘ಡಿಕ್ ವ್ಯಾನ್ ಡೈಕ್ ಶೋ’ದಲ್ಲಿ ಗೃಹಿಣಿ, 1970ರಿಂದ 77ರವರೆಗೆ ತನ್ನದೇ ಹೆಸರಿನ ಹಾಸ್ಯ ಧಾರಾವಾಹಿಯಲ್ಲಿ ಟಿವಿ ಕಚೇರಿಯ ಉದ್ಯೋಗಸ್ಥೆ. ಅಮೆರಿಕದ ಮನೆಮನೆಗೆ ಅವರ ನಗು ಪರಿಚಿತ. ಆ ನಗುವನ್ನು ಕಂಡರೆ ಮನೆ ಸರಿಯಾಗಿದೆ ಎಂಬ ನಂಬಿಕೆ ಬರ್ತಿತ್ತು. ಆ ನಂಬಿಕೆಯನ್ನೇ ರೆಡ್‌ಫೋರ್ಡ್ ಬಳಸಿಕೊಂಡರು. ಅಪರಿಚಿತ ನಟಿಯೊಬ್ಬಳು ಈ ಪಾತ್ರ ಮಾಡಿದ್ದರೆ ನಾವು ಮೊದಲ ದೃಶ್ಯದಲ್ಲೇ ‘ಕಲ್ಲು ಮನಸ್ಸಿನವಳು’ ಅಂತ ತೀರ್ಮಾನಿಸಿ ಬಿಡ್ತಿದ್ದೆವು. ಮೂರ್ ಬಂದಾಗ ಹಾಗಾಗುವುದಿಲ್ಲ. ನೋಡುವವ ಕೂಡ ಕಾನ್ರಾಡನ ಹಾಗೆ ಆ ಮುಖದಿಂದ ಬೆಚ್ಚಗಿನದ್ದೇನನ್ನೋ ಕಾಯ್ತಾ ಇರ್ತಾನೆ.

ಬೆಳಗ್ಗಿನ ತಿಂಡಿಯ ದೃಶ್ಯ ನೋಡಿ. ತಾಯಿ ಫ್ರೆಂಚ್ ಟೋಸ್ಟ್ ಮಾಡಿಟ್ಟಿದ್ದಾಳೆ. ಹಸಿವಿಲ್ಲ ಅಂತಾನೆ ಹುಡುಗ. ಮರುಕ್ಷಣವೇ ಅವಳು ತಟ್ಟೆ ಎತ್ತಿ ಸಿಂಕಿಗೆ ಚೆಲ್ತಾಳೆ. ಮೂರ್ ಇಲ್ಲಿ ಸಿಟ್ಟು ತೋರಿಸುವುದಿಲ್ಲ. ಕೈ ಚುರುಕಾಗಿ, ಒಪ್ಪವಾಗಿ ಕೆಲಸ ಮಾಡುತ್ತದೆ. ಆ ಒಪ್ಪವೇ ಭಯ ಹುಟ್ಟಿಸುವುದು. ಇನ್ನು ಫೋಟೊ ತೆಗೆಯುವ ದೃಶ್ಯ. ತಾಯಿ ಮಗ ಒಟ್ಟಿಗೆ ನಿಲ್ಲಲಿ ಅಂತ ತಂದೆಯ ಆಸೆ. ಅವಳು ನಗ್ತಾ ನಗ್ತಾ, ಕ್ಯಾಮೆರಾ ನನಗೆ ಕೊಡು ಅಂತ ಮತ್ತೆ ಮತ್ತೆ ಕೇಳ್ತಾಳೆ. ಕೊನೆಗೆ ಕಾನ್ರಾಡ್ ಕೂಗಿಬಿಡ್ತಾನೆ. ಆ ಕೂಗಿನ ತನಕ ಅವಳ ತುಟಿಯ ನಗು ಜಾರುವುದಿಲ್ಲ.

ಆದರೆ ಮೂರ್ ಅವರ ಸಾಧನೆ ಇಷ್ಟೇ ಅಲ್ಲ. ಕೊನೆಗೆ ಬೆತ್ ಮನೆ ಬಿಡಲು ಪೆಟ್ಟಿಗೆ ತೆಗೆಯುವಾಗ ಒಂದು ಕ್ಷಣ ಅವಳ ಮೈ ನಡುಗಿ ಬಿಕ್ಕಳಿಕೆ ಬಂದು ಅಲ್ಲೇ ಅಡಗುತ್ತದೆ. ನಗು ಜಾರಿತು, ಆದರೆ ಕೋಣೆಯಲ್ಲಿ ಯಾರೂ ಇಲ್ಲ. ಮಗನಿಗೆ ಸಿಕ್ಕ ಸಾಕ್ಷಿ ತಾಯಿಗೆ ಸಿಗಲಿಲ್ಲ.

ಟ್ಯಾಕ್ಸಿಯಿಂದ ಇಳಿದ ಡಾಕ್ಟರು: ಜಡ್ ಹರ್ಷ್

ಮನೋವೈದ್ಯ ಬರ್ಗರ್ ಪಾತ್ರಕ್ಕೂ ಟಿವಿ ಹಾಸ್ಯದ ನಟನೇ ಬಂದದ್ದು ಕುತೂಹಲದ ವಿಷಯ. ಜಡ್ ಹರ್ಷ್ ಆಗ ‘ಟ್ಯಾಕ್ಸಿ’ ಧಾರಾವಾಹಿಯ ಚಾಲಕ ಅಲೆಕ್ಸ್ ಆಗಿ ಮನೆಮಾತಾಗಿದ್ದರು. ಅವರ ಬರ್ಗರ್ ಸಿನಿಮಾದ ಮಾಮೂಲಿ ಡಾಕ್ಟರರ ಹಾಗಿಲ್ಲ. ಕೋಣೆ ಅಸ್ತವ್ಯಸ್ತ, ಉಡುಪು ಸಾದಾ, ಮಾತು ಒರಟು. ಕಾನ್ರಾಡ್ ಮೊದಲ ಭೇಟಿಯಲ್ಲಿ ನಯವಾಗಿ ನಡೆದುಕೊಳ್ಳಲು ನೋಡಿದರೆ ಇವರು ಆ ನಯಕ್ಕೆ ಸೊಪ್ಪು ಹಾಕುವುದಿಲ್ಲ. ಒಬ್ಬ ಹಾಸ್ಯನಟಿ ನಗುವನ್ನು ಗೋಡೆ ಮಾಡಿಕೊಂಡಳು, ಇನ್ನೊಬ್ಬ ಹಾಸ್ಯನಟ ಆ ಗೋಡೆ ಒಡೆಯುವ ಕೆಲಸಕ್ಕೆ ಬಂದ.

ಬೆತ್ ಮನೆಯಲ್ಲಿ ಬರ್ಗರ್ ಹೆಸರು ಬಂದಾಗ, ಅವನು ಯಹೂದಿಯೇ ಎಂಬ ಪ್ರಶ್ನೆ ಏಳುತ್ತದೆ. ಕೇಳಿದ್ದು ಸಣ್ಣ ಪ್ರಶ್ನೆ. ಆದರೆ ನಮ್ಮ ಮನೆಯ ನೋವನ್ನು ನಮ್ಮವನಲ್ಲದವನ ಹತ್ತಿರ ಹೇಳುವುದೇ ಎಂಬ ಕಸಿವಿಸಿ ಅದರೊಳಗೆ ಉಂಟು.

ನಕ್ಕು ಹೋದ ಹುಡುಗಿ

ನನ್ನ ಲೆಕ್ಕದಲ್ಲಿ ಚಿತ್ರದ ಅತಿ ಮುಖ್ಯ ಪಾತ್ರಗಳಲ್ಲಿ ಒಂದು ಪರದೆಯ ಮೇಲೆ ಬರುವುದು ಒಂದೇ ಒಂದು ದೃಶ್ಯದಲ್ಲಿ: ಆಸ್ಪತ್ರೆಯ ಗೆಳತಿ ಕ್ಯಾರನ್. ಮಾಡಿದವರು ಡೈನಾ ಮ್ಯಾನಾಫ್. ಹೋಟೆಲಿನಲ್ಲಿ ಕೂತು ಅವಳು ಲವಲವಿಕೆಯಿಂದ ಮಾತಾಡ್ತಾಳೆ. ಶಾಲೆಯ ನಾಟಕ ತಂಡದ ಕೆಲಸ ಉಂಟು, ಡಾಕ್ಟರರ ಹತ್ತಿರ ಹೋಗುವುದು ಬಿಟ್ಟಿದ್ದಾಳೆ, ಕ್ರಿಸ್ಮಸ್ ಚೆನ್ನಾಗಿ ಕಳೆಯೋಣ ಅಂತಾಳೆ. ಮಾತಿನ ಮಧ್ಯೆ ಮ್ಯಾನಾಫ್ ಕಣ್ಣು ಒಂದೆರಡು ಸಲ ಬೇರೆಲ್ಲೋ ಹೋಗಿಬರುತ್ತದೆ, ಅಷ್ಟೇ. ಇಬ್ಬರಲ್ಲಿ ಯಾರು ಗುಣವಾಗಿದ್ದಾರೆ ಅಂತ ಕೇಳಿದರೆ ಯಾರಾದರೂ ಅವಳನ್ನೇ ತೋರಿಸಿಯಾರು. ಮುಂದೆ ಕಾನ್ರಾಡ್ ಅವಳಿಗೆ ಫೋನ್ ಮಾಡಿದಾಗ ತಿಳಿಯುವುದು ಅವಳು ಜೀವ ಕಳೆದುಕೊಂಡಳು ಅಂತ. ಬೆತ್ ಮತ್ತು ಕ್ಯಾರನ್ ಎಂಬ ಎರಡು ನಗುಗಳ ನಡುವೆ ಹುಡುಗ ತನ್ನ ದಾರಿ ಹುಡುಕಬೇಕು.

ಸಣ್ಣ ಪಾತ್ರಗಳಲ್ಲಿ ಇನ್ನಿಬ್ಬರು. ಈಜಿನ ಕೋಚ್ ಆಗಿ ಎಂ. ಎಮ್ಮೆಟ್ ವಾಲ್ಷ್, ಆಸ್ಪತ್ರೆಯಲ್ಲಿ ಕರೆಂಟ್ ಕೊಟ್ಟರೋ ಅಂತ ಹುಡುಗನನ್ನೇ ಕೇಳುವ ಸ್ಥೂಲ ಕುತೂಹಲ ಅವನದು. ಮೊದಲ ಚಿತ್ರದಲ್ಲೇ ಎಲಿಜಬೆತ್ ಮೆಗವರ್ನ್, ಹಾಡುವ ತಂಡದ ಹುಡುಗಿ ಜೆನಿನ್. ಅವಳೂ ಆ ಘಟನೆಯ ಬಗ್ಗೆ ಕೇಳ್ತಾಳೆ. ವಿಷಯ ಒಂದೇ ಆದರೂ ಕೋಚ್ ಕೇಳಿ ಮುಂದಕ್ಕೆ ಹೋಗ್ತಾನೆ, ಅವಳು ಉತ್ತರಕ್ಕೆ ಕಾಯ್ತಾಳೆ.

ಕೇಳುವ ತಂದೆ, ಮತ್ತು ಪ್ರಶಸ್ತಿಯ ಲೆಕ್ಕ

ಕಾನ್ರಾಡ್ ಆಗಿ ಟಿಮೊತಿ ಹಟನ್ ಅದ್ಭುತವಾಗಿ ಮಾಡಿದ್ದಾರೆ, ಅದರಲ್ಲಿ ತಕರಾರಿಲ್ಲ. ಭುಜ ಬಿಗಿಹಿಡಿದು ನಡೆಯುವ ಹುಡುಗ ಬರ್ಗರ್ ಎದುರು ಆ ರಾತ್ರಿ ಒಡೆದು ಅಳುವಾಗ ಮೈಯೆಲ್ಲ ಸಡಿಲಾಗುವುದನ್ನು ಕಾಣ್ತೇವೆ. ಆದರೆ 20 ವರ್ಷದ ಅವರಿಗೆ ಆಸ್ಕರ್ ಬಂದದ್ದು ಪೋಷಕ ನಟನ ವಿಭಾಗದಲ್ಲಿ. ಕಥೆ ಯಾರದ್ದೋ ಅವನೇ ಪೋಷಕ! ಅದೇ ವಿಭಾಗದಲ್ಲಿ ಎದುರಾಳಿಯಾಗಿ ನಿಂತವರು ಡಾಕ್ಟರ್ ಬರ್ಗರ್, ಅಂದರೆ ಹರ್ಷ್. ಮೂರ್ ಅವರಿಗೆ ಮುಖ್ಯ ನಟಿಯ ನಾಮನಿರ್ದೇಶನ. ತಂದೆ ಕಾಲ್ವಿನ್ ಆಗಿ ಮಾಡಿದ ಡೊನಾಲ್ಡ್ ಸದರ್ಲೆಂಡ್ ಅವರಿಗೆ ಏನೂ ಇಲ್ಲ. ಚಿತ್ರಕ್ಕೆ, ನಿರ್ದೇಶಕರಿಗೆ, ಚಿತ್ರಕಥೆಗೆ, ಹಟನ್‌ಗೆ ಹೀಗೆ ನಾಲ್ಕು ಆಸ್ಕರ್ ಬಂದ ವರ್ಷ ಅದು.

ಇದು ಆಕಸ್ಮಿಕ ಅಂತ ನನಗೆ ಅನಿಸುವುದಿಲ್ಲ. ಬಹುಮಾನ ಸಿಗುವುದು ಅಳುವವನಿಗೆ, ಅಳಿಸುವವನಿಗೆ, ಅಳದೆ ಬಿಗಿಹಿಡಿದವಳಿಗೆ. ಸುಮ್ಮನೆ ಕೇಳುವವನ ಅಭಿನಯ ಕಣ್ಣಿಗೆ ಬೀಳುವುದಿಲ್ಲ. ಸದರ್ಲೆಂಡ್ 1973ರ ‘ಡೋಂಟ್ ಲುಕ್ ನೌ’ ಚಿತ್ರದಲ್ಲೂ ನೀರಿನಲ್ಲಿ ಮಗು ಕಳೆದುಕೊಂಡ ತಂದೆ. ಅಲ್ಲಿ ದುಃಖ ಅವರನ್ನು ಬೆನ್ನಟ್ಟುತ್ತದೆ. ಇಲ್ಲಿ ಅವರು ನಿಧಾನಕ್ಕೆ ಅದರ ಕಡೆ ತಿರುಗಿ ನಿಲ್ತಾರೆ. ಮೊದಲರ್ಧದಲ್ಲಿ ಕಾಲ್ವಿನ್ ಮನೆಯ ಶಾಂತಿ ಕಾಯುವ ನಗುಮುಖದವನು. ಆಮೇಲೆ ತಾನೇ ಬರ್ಗರ್ ಬಳಿ ಹೋಗ್ತಾನೆ. ಮಗನ ಶವಸಂಸ್ಕಾರದ ದಿನ ತಾನು ಯಾವ ಶರ್ಟು, ಯಾವ ಬೂಟು ಹಾಕ್ತೇನೆ ಅಂತ ಹೆಂಡತಿ ಚಿಂತಿಸಿದ್ದು ಅವನ ಮನಸ್ಸಿನಿಂದ ಹೋಗಿಲ್ಲ. ಕೊನೆಗೆ ರಾತ್ರಿ ಊಟದ ಮೇಜಿನಲ್ಲಿ ಒಬ್ಬನೇ ಅಳ್ತಾ ಕೂತವ, ಕೆಳಗೆ ಬಂದ ಹೆಂಡತಿಗೆ, ನಿನ್ನನ್ನು ಇನ್ನೂ ಪ್ರೀತಿಸ್ತೇನೋ ಗೊತ್ತಿಲ್ಲ ಅಂತಾನೆ. ಆ ಹೊತ್ತಿಗೆ ಸದರ್ಲೆಂಡ್ ಮುಖದಲ್ಲಿ ಹಳೆಯ ನಗುವಿನ ಕುರುಹೂ ಇಲ್ಲ. ಮಗನ ಚೇತರಿಕೆಯ ಅಳತೆಗೋಲು ನನಗೆ ತಂದೆಯ ಆ ಮುಖ. ಬೆಳಗ್ಗೆ ಮನೆಯ ಹಿಂದೆ ಇಬ್ಬರೂ ತಬ್ಬಿಕೊಂಡು ಕೂತಲ್ಲಿ ಚಿತ್ರ ಮುಗಿಯುತ್ತದೆ, ಇಬ್ಬರೂ ನಗುವುದಿಲ್ಲ.

ಒಂದು ಆಕ್ಷೇಪ ನನಗೂ ಉಂಟು. ಬರ್ಗರ್ ಜೊತೆಗಿನ ಒಂದೇ ರಾತ್ರಿಯಲ್ಲಿ ಕಟ್ಟು ಒಡೆದು ಎಲ್ಲ ಹರಿದುಹೋದ ಹಾಗೆ ಚಿತ್ರ ತೋರಿಸುತ್ತದೆ. ಮನಸ್ಸಿನ ಗಾಯ ಅಷ್ಟು ಚೊಕ್ಕವಾಗಿ ಮಾಯುವುದಿಲ್ಲ. ಚಿತ್ರಕಥೆಯ ಈ ಅವಸರವನ್ನು ಕ್ಯಾರನ್ ಪಾತ್ರ ಒಂದಷ್ಟು ತಿದ್ದುತ್ತದೆ.

ಚರ್ಚೆಯಿಂದ

ಸಹಪಾಠಿಯೊಬ್ಬರ ಪ್ರಶ್ನೆ: ತಪ್ಪೆಲ್ಲ ತಾಯಿಯ ತಲೆಗೆ ಕಟ್ಟಿದ ಹಾಗೆ ಆಗಲಿಲ್ಲವೇ?

ಉತ್ತರ: ಕಥೆಯ ಕಟ್ಟಿನಲ್ಲಿ ಆಗಿದೆ, ಒಪ್ತೇನೆ. ಅವಳು ಹೊರಟ ಮೇಲೆ ಮನೆ ಹಗುರಾಗುತ್ತದೆ ಎಂಬ ವ್ಯವಸ್ಥೆ ಅನ್ಯಾಯದ್ದೇ. ಆದರೆ ಮೂರ್ ಅಭಿನಯ ಆ ತೀರ್ಪಿಗೆ ಸಹಿ ಹಾಕುವುದಿಲ್ಲ. ಪೆಟ್ಟಿಗೆಯ ಎದುರಿನ ಆ ಬಿಕ್ಕಳಿಕೆ ಇಲ್ಲದಿದ್ದರೆ ನಿಮ್ಮ ಆಕ್ಷೇಪಕ್ಕೆ ನನ್ನ ಹತ್ತಿರ ಉತ್ತರ ಇರ್ತಿರಲಿಲ್ಲ.

ಅಧ್ಯಾಪಕರೊಬ್ಬರ ಪ್ರಶ್ನೆ: ಗಡಿಭಾಗದ ನಮಗೆ ಈ ಚಿತ್ರ ಯಾಕೆ?

ಉತ್ತರ: ಸರ್, ಲೇಕ್ ಫಾರೆಸ್ಟ್ ನಮ್ಮ ಊರಲ್ಲ, ಬಲವಂತವಾಗಿ ಹೋಲಿಸುವುದು ಬೇಡ. ಒಂದು ಮಾತು ಮಾತ್ರ. ಬರ್ಗರ್ ಮತ್ತು ಕಾನ್ರಾಡ್ ನಡುವೆ ಕೊನೆಪಕ್ಷ ಭಾಷೆ ಒಂದೇ. ಕಾಸರಗೋಡಿನ ಕಡೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಮಲಯಾಳ ಮಾತಾಡಬೇಕಾದ ಹುಡುಗ ತನ್ನ ಸಂಕಟವನ್ನು ಯಾವ ಭಾಷೆಯಲ್ಲಿ ಹೇಳಬೇಕು? ಭಾಷೆ ಸಾಲದಾಗ ಅವನೂ ನಕ್ಕು ‘ಏನಿಲ್ಲ, ಆರಾಮ’ ಅಂತಾನೆ. ಆ ‘ಆರಾಮ’ವನ್ನು ನಾವು ಗುಣ ಅಂತ ಬರೆದುಕೊಳ್ಳಬಾರದು.